ಜಪಾನಿಗೆ ನಡೆದುಹೋದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಜಪಾನಿಗೆ ನಡೆದುಕೊಂಡು ಹೋಗಿಬಂದವರು. ನಗಬೇಡಿ! ಹಡಗಿನಲ್ಲೇ ಹೋದದ್ದು, ನಾನೂ ಜೊತೆಗಿದ್ದೆ. ಆದರೆ ಮದರಾಸು ಬಿಟ್ಟ ಗಳಿಗೆಯಿಂದ ಜಪಾನಿನ ದಡ ಕಾಣುವ ತನಕ ಅವರು ಹಡಗಿನ ಮೂತಿಯಿಂದ ಬಾಲಕ್ಕೆ, ಬಾಲದಿಂದ ಮೂತಿಗೆ ನಡೆಯುತ್ತಲೇ ಇದ್ದರು. ನಮ್ಮನ್ನೆಲ್ಲ ಹಡಗು ಹೊತ್ತುಕೊಂಡು ಹೋಯಿತು, ಚಿಕ್ಕಪ್ಪ ಹಡಗಿನ ಜೊತೆಯಲ್ಲಿ ನಡೆದು ಬಂದರು. ಇದನ್ನು ನಡೆದುಕೊಂಡು ಹೋದದ್ದು ಎನ್ನದೆ ಇನ್ನೇನನ್ನಲಿ?

ಅವರಿಗೆ ಕೂರುವುದು ಆಗುತ್ತಿರಲಿಲ್ಲ. ಹುಟ್ಟಿನಿಂದ ಬಂದ ಗುಣವಲ್ಲ. ಒಬ್ಬಳೇ ಮಗಳು ಪುಟ್ಟಿ, ಎಂಟೊಂಬತ್ತು ವರ್ಷದವಳು, ಜ್ವರ ಬಂದು ತೀರಿಕೊಂಡ ಮೇಲೆ ಅಂಟಿಕೊಂಡದ್ದು. ಅಂದಿನಿಂದ ಅವರು ಮಗಳ ಹೆಸರೆತ್ತಿದ್ದೂ ಇಲ್ಲ, ಒಂದು ಕಡೆ ಕೂತದ್ದೂ ಇಲ್ಲ. ಚಂದಕವಾಡಿಯ ಮನೆಯಲ್ಲಿ ಊಟವೂ ನಡಿಗೆಯಲ್ಲೇ! ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಮುದ್ದೆಯ ತುತ್ತು, ಬೆನ್ನ ಹಿಂದೆ ಸಾರಿನ ಸೌಟು ಹಿಡಿದ ಚಿಕ್ಕಮ್ಮ. ಈ ಮೆರವಣಿಗೆ ನಡುಮನೆಯಿಂದ ಹೊರಟು ಹಿತ್ತಿಲು ಸುತ್ತಿ ಕೊಟ್ಟಿಗೆ ಸೇರುವಷ್ಟರಲ್ಲಿ ಊಟ ಮುಗಿಯುತ್ತಿತ್ತು.

"ಒಂದೇ ಒಂದು ಹೊತ್ತು ಕೂತ್ಕಂಡು ಉಂಡ್ಬುಡಿ. ನಂಗೆ ಇನ್ನೇನೂ ಬ್ಯಾಡ" ಎಂದು ಚಿಕ್ಕಮ್ಮ ಗೋಗರೆಯುತ್ತಿದ್ದರು.

"ಉಣ್ತಾವ್ನಲ್ಲಮ್ಮಿ! ಹೊಟ್ಟೆಗೆ ಹೋದ್ರೆ ಸಾಲ್ದಾ?" ಎಂದು ಕೊಟ್ಟಿಗೆಯಿಂದ ಉತ್ತರ ಬರುತ್ತಿತ್ತು.

ಚಿಕ್ಕಮ್ಮನದು ಇನ್ನೊಂದು ಬಗೆ. ಮೊದಲೆಲ್ಲ ನಾಟಿಯ ದಿನ ಗದ್ದೆಗೆ ಮೊದಲು ಇಳಿಯುತ್ತಿದ್ದವರು ಅವರೇ, ಪಕ್ಕದಲ್ಲಿ ಲಂಗ ಎತ್ತಿಕಟ್ಟಿಕೊಂಡ ಪುಟ್ಟಿ. ಮಗಳು ಹೋದ ಮೇಲೆ ಅವರು ಗದ್ದೆಯ ಕಡೆ ತಲೆ ಹಾಕಲಿಲ್ಲ. ಹೀಗೆ ಒಬ್ಬರು ಮನೆಯಲ್ಲಿ ನಿಲ್ಲಲಾರರು, ಇನ್ನೊಬ್ಬರು ಮನೆ ಬಿಟ್ಟು ಕದಲಲಾರರು. ಒಳ್ಳೆ ಸಂಸಾರ!

ಬಸ್ಸಿನ ಕಥೆ ಕೇಳಿ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದೆವು. ಅರ್ಧ ಬಸ್ಸು ಖಾಲಿ, ಚಿಕ್ಕಪ್ಪ ಮಾತ್ರ ಬಾಗಿಲಲ್ಲಿ ನಿಂತಿದ್ದಾರೆ.

"ಕೂತ್ಕಳಿ ಬುದ್ಧಿ, ಕೂತ್ರೂ ಅಷ್ಟೇ ಚಾರ್ಜು" ಎಂದ ಕಂಡಕ್ಟರು.

"ನಾನು ಕೂತ್ರೆ ನಿನ್ ಬಸ್ಸೂ ಕೂತ್ಕಬುಡ್ತದ ಕಣ್ಲಾ!"

ನಿಂತಿದ್ದರೂ ಬಸ್ಸು ಕೂತೇ ಬಿಟ್ಟಿತು, ಬಟಾಬಯಲಿನಲ್ಲಿ. ನಾವು ಹುಣಸೆಮರದ ನೆರಳು ಹುಡುಕುವಷ್ಟರಲ್ಲಿ ಚಿಕ್ಕಪ್ಪ ರಸ್ತೆಯ ತಿರುವು ದಾಟಿದ್ದರು. ಬಸ್ಸು ರಿಪೇರಿಯಾಗಿ ನಾವು ಗುಂಡ್ಲುಪೇಟೆ ತಲುಪಿದಾಗ ಅವರು ಬಂದ ಕೆಲಸ ಮುಗಿಸಿ, ವಾಪಸು ಹೋಗಲು ಅದೇ ಬಸ್ಸಿಗಾಗಿ ಕಾಯುತ್ತಿದ್ದರು. ನಿಂತುಕೊಂಡು!

ಇಂಥವರು ಜಪಾನಿಗೆ ಹೇಗೆ ಹೋದರು ಅಂತೀರಾ? ಆಗ ಎಲ್ಲೆಲ್ಲೂ ಜಪಾನ್ ಮಾದರಿ ಭತ್ತದ ಬೇಸಾಯದ ಮಾತು. ಹಗ್ಗ ಹಿಡಿದು ಸಾಲಾಗಿ ನೆಡಿ ಎಂದು ಊರೂರಲ್ಲೂ ಭಾಷಣ. ನಾಲ್ಕಾರು ರೈತರು ಅಲ್ಲಿಗೇ ಹೋಗಿ ನೋಡಿಬರಲಿ ಎಂದು ಸರ್ಕಾರ ನಿರ್ಧರಿಸಿತು. ಆರಿಸಲು ಬಂದ ಅಧಿಕಾರಿಗೆ ಯಾವ ಹೊತ್ತಿನಲ್ಲಿ ನೋಡಿದರೂ ಚಿಕ್ಕಪ್ಪ ಗದ್ದೆಯಲ್ಲೇ ಕಂಡರು. ಕೂರಲಾರದ ಮನುಷ್ಯ ಇನ್ನೆಲ್ಲಿ ಹೋದಾನು? ಮೆಚ್ಚಿ ಹೆಸರು ಬರೆದುಕೊಂಡರು. ಬೇಸಾಯದ ಇಲಾಖೆಯಲ್ಲಿ ಸಣ್ಣ ನೌಕರನಾಗಿದ್ದ ನನ್ನನ್ನು, ಹರಕುಮುರುಕು ಇಂಗ್ಲಿಷ್ ಬರುತ್ತದೆಂದು, ದುಭಾಷಿಯಾಗಿ ಜೊತೆಗೆ ಹಾಕಿದರು.

ಇಳಿದ ಮೇಲೆ ತಿಳಿಯಿತು, ಜಪಾನೆಂದರೆ ಕೂರುವ ದೇಶ! ಊಟಕ್ಕೆ ಕೂರಬೇಕು, ಚಹಾಕ್ಕೆ ಕೂರಬೇಕು, ನಮಸ್ಕಾರಕ್ಕೂ ಕೂರಬೇಕು. ಅದೂ ಮಂಡಿ ಮಡಿಸಿ ಹಿಮ್ಮಡಿಯ ಮೇಲೆ. ಒಂದು ಬಟ್ಟಲು ಚಹಾ ಕೈಗೆ ಬರುವಷ್ಟರಲ್ಲಿ ಚಿಕ್ಕಪ್ಪ ಶೌಚದ ನೆಪದಲ್ಲಿ ಎಷ್ಟು ಸಲ ಎದ್ದರೆಂದರೆ, ಚಹಾಕ್ಕೆ ಕರೆದ ಮನೆಯೊಡತಿ ಗಾಬರಿಯಾಗಿ ಹೊಟ್ಟೆನೋವಿನ ಮಾತ್ರೆ ತಂದುಕೊಟ್ಟಳು.

ಕೊನೆಗೆ ಜಪಾನಿ ಮಾರ್ಗದರ್ಶಿಯೊಬ್ಬ ನಮ್ಮನ್ನು ಒಂದು ದೇವಸ್ಥಾನದ ನಾಟಿ ಹಬ್ಬಕ್ಕೆ ಕರೆದೊಯ್ದ. ಗುಡಿಯ ಮುಂದೆಯೇ ದೇವರ ಗದ್ದೆ. ಬಿಳಿ ಬಟ್ಟೆಯ ಪೂಜಾರಿ ಕಾಗದದ ಪಟ್ಟಿ ಕಟ್ಟಿದ ಕೋಲು ಬೀಸಿ ಪೈರನ್ನು ಶುದ್ಧಿ ಮಾಡಿದರು.

"ನಮ್ ಗುಡಿ ಪೂಜಾರಿ ತಮ್ಮಡಿ ದೇವ್ರಿಗೆ ಚಾಮರ ಬೀಸ್ದಂಗೇ ಅದ ಕಣ್ಲಾ" ಎಂದು ಚಿಕ್ಕಪ್ಪ ಖುಷಿಪಟ್ಟರು, ಚಾಪೆಯ ಪಕ್ಕದಲ್ಲಿ ನಿಂತು ಕಾಲು ಬದಲಾಯಿಸುತ್ತ. ಆಮೇಲೆ ಹುಲ್ಲಿನ ಟೋಪಿ, ಕೆಂಪು ಪಟ್ಟಿಯ ಹೆಂಗಸರು ಪೈರಿನ ಕಂತೆ ಹಿಡಿದು ಗದ್ದೆಗಿಳಿದರು. ನಗಾರಿ, ಕೊಳಲು, ಹಾಡು. ಎಲ್ಲರೂ ಒಟ್ಟಿಗೆ ಬಾಗಿ, ಒಟ್ಟಿಗೆ ನೆಟ್ಟು, ಒಟ್ಟಿಗೆ ಹಿಂದೆ ಸರಿಯುತ್ತಾರೆ. ನೋಡುವುದಕ್ಕೆ ಎರಡು ಕಣ್ಣು ಸಾಲದು!

"ಲೇ, ಆ ಕೊನೇಲಿರೋ ಅಜ್ಜಿ ನೋಡ್ಲಾ. ಪಕ್ಕದಲ್ಲಿ ಸಂದು ಬುಟ್ಬುಟ್ಳು!"

ನೋಡಿದೆ. ನಿಜ, ಆಕೆಯ ಪಕ್ಕದಲ್ಲಿ ಒಂದಾಳಿನ ಜಾಗ ಖಾಲಿ. ಮುಂದಿನ ಸಾಲಿನಲ್ಲೂ ಹಾಗೇ.

"ಅವರ ಪದ್ಧತಿ ಏನೋ, ಸುಮ್ಮನಿರಿ ಚಿಕ್ಕಪ್ಪ."

"ಸಂದು ಬುಡೋದೂ ಒಂದು ಪದ್ಧತಿಯೇನ್ಲಾ?"

ನಾನು ಅಂಗಿ ಹಿಡಿದೆಳೆಯುವ ಮೊದಲೇ ಪಂಚೆ ಎತ್ತಿಕಟ್ಟಿ ದೇವರ ಗದ್ದೆಗೆ ಇಳಿದೇ ಬಿಟ್ಟರು! ನಗಾರಿ ನಿಂತಿತು. ಹಾಡು ನಿಂತಿತು. ನಮ್ಮ ಮಾರ್ಗದರ್ಶಿಯ ಮುಖ ಪೂಜಾರಿಯ ಬಟ್ಟೆಗಿಂತ ಬೆಳ್ಳಗಾಯಿತು. ಚಿಕ್ಕಪ್ಪ ಮಾತ್ರ ಅಜ್ಜಿಯ ಕಂತೆಯಿಂದ ಪೈರು ಕಿತ್ತುಕೊಂಡು ಖಾಲಿ ಜಾಗವನ್ನು ಚಕಚಕನೆ ತುಂಬಿಸುತ್ತಿದ್ದಾರೆ.

ಅಜ್ಜಿ ಸೊಂಟ ನೆಟ್ಟಗೆ ಮಾಡಿ ಮೆಲ್ಲಗೆ ಏನೋ ಹೇಳಿದಳು. ಮಾರ್ಗದರ್ಶಿ ಅದನ್ನು ಇಂಗ್ಲಿಷಿಗೆ ತಂದ. ಬದುವಿನ ಮೇಲೆ ನಿಂತು ನಾನು ಕನ್ನಡಕ್ಕೆ ತರಬೇಕಿತ್ತು.

"ಚಿಕ್ಕಪ್ಪ, ಅದು ಆಕೆಯ ಮಗಳ ಜಾಗವಂತೆ. ಯಾವಾಗಲೂ ಪಕ್ಕದಲ್ಲೇ ನೆಡುತ್ತಿದ್ದಳಂತೆ. ಯುದ್ಧದ ಕಾಲದಲ್ಲಿ ತೀರಿಹೋದಳಂತೆ. ಪ್ರತಿ ವರ್ಷವೂ ಹಾಗೇ ಬಿಡುತ್ತಾಳಂತೆ."

ಚಿಕ್ಕಪ್ಪನ ಕೈ ಕೆಸರಿನಲ್ಲೇ ನಿಂತಿತು. ನೆಟ್ಟದ್ದನ್ನು ಕೀಳಲು ಹೋದರು. ಅಜ್ಜಿ ಅವರ ಮಣಿಕಟ್ಟು ಹಿಡಿದು ಬೇಡವೆಂದು ತಲೆಯಾಡಿಸಿದಳು. ನೆಟ್ಟ ಪೈರನ್ನು ಕೀಳಲು ಯಾವ ದೇಶದ ಒಕ್ಕಲಗಿತ್ತಿಗೆ ತಾನೇ ಮನಸ್ಸು ಬರುತ್ತದೆ?

ಊರಿಗೆ ಬಂದ ಮೇಲೆ ಚಿಕ್ಕಪ್ಪನ ಜಪಾನ್ ಪುರಾಣ ಕೇಳಬೇಕಿತ್ತು! ಚಾಮರಾಜನಗರದ ಹೋಟೆಲುಗಳಲ್ಲಿ, ಉಮ್ಮತ್ತೂರಿನ ನೆಂಟರ ಮನೆಯಲ್ಲಿ, ಎಲ್ಲೆಲ್ಲೂ ನಿಂತೇ ಹೇಳಿದರು. ಆ ಗದ್ದೆಯ ಕಥೆಯೊಂದನ್ನು ಮಾತ್ರ ಎತ್ತಲಿಲ್ಲ.

ನಾಟಿಯ ದಿನ ಬಂತು, ನಾನೂ ಚಂದಕವಾಡಿಗೆ ಹೋಗಿದ್ದೆ. ಬೆಳಿಗ್ಗೆ ಚಿಕ್ಕಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗದ್ದೆಗೆ ಹೋಗನ ಬಾ" ಎಂದರು. ಚಿಕ್ಕಮ್ಮ ಸೌಟು ಹಿಡಿದೇ ಅವರ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ಬುತ್ತಿ ಕಟ್ಟಿಕೊಂಡು ಹೊರಟರು.

ಹಗ್ಗ ಹಿಡಿದು ಸಾಲು ಶುರುವಾಯಿತು. ಚಿಕ್ಕಮ್ಮ ತುದಿಯಲ್ಲಿ, ಚಿಕ್ಕಪ್ಪ ಅವರಿಂದ ಒಂದಿಷ್ಟು ದೂರದಲ್ಲಿ, ಮಿಕ್ಕ ಹೆಣ್ಣಾಳುಗಳು ಆಚೆಗೆ. ಒಬ್ಬಾಕೆ ನಕ್ಕಳು:

"ಏನ್ ಬುದ್ಧಿ, ಜಪಾನ್ಗೆ ಹೋಗ್ಬಂದು ನಾಟಿ ಮರ್ತೋಯ್ತಾ? ನಡ್ಮಧ್ಯ ಸಂದು ಬುಟ್ರಲ್ಲ!"

"ಇರ್ಲಿ ಬುಡಮ್ಮಿ" ಎಂದರು ಚಿಕ್ಕಪ್ಪ, ತಲೆಯೆತ್ತದೆ. "ಅದು ನಮ್ ಪುಟ್ಟಿ ಜಾಗ."

ಆ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಕೆನ್ನೆಗೆ ಕೆಸರು ಮೆತ್ತಿತು. ಯಾರೂ ನಗಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಚಿಕ್ಕಪ್ಪ ಆ ಖಾಲಿ ಜಾಗದ ಎದುರಿನ ಬದುವಿಗೆ ಬಂದು, ಕಾಲು ಇಳಿಬಿಟ್ಟು, ಕೂತರು. ನಾನು ಬಾಯಿ ತೆರೆಯುವಷ್ಟರಲ್ಲಿ, ಮಾತಾಡಬೇಡ, ಎದ್ದುಬಿಟ್ಟಾರು ಎಂದು ಚಿಕ್ಕಮ್ಮ ಕಣ್ಣಲ್ಲೇ ಗದರಿಸಿದರು. ಉಸಿರು ಬಿಗಿಹಿಡಿದು ಮುದ್ದೆ ಇಟ್ಟರು, ಸಾರು ಬಿಟ್ಟರು.

"ಇನ್ನರ್ಧ ಮುದ್ದೆ ಇಕ್ಕಮ್ಮಿ" ಎಂದರು ಚಿಕ್ಕಪ್ಪ.

ಇಕ್ಕಿದರು. ಆಮೇಲೆ ತಾವೂ ತಟ್ಟೆ ಹಿಡಿದು ಅದೇ ಬದುವಿನ ಮೇಲೆ ಕೂತರು, ಇಬ್ಬರ ನಡುವೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟು.