ಸ್ತ್ರೀವಾದವೂ ಮೊಣಕಾಲು ನೋವೂ

ಭಾಷಣ ಮಾಡುವವರಿಗೆ ಕೇಳುವವರ ಕಾಲು ಕಾಣಿಸುವುದಿಲ್ಲ. ಮುಖ ಕಾಣುತ್ತದೆ, ಆಕಳಿಕೆ ಕಾಣುತ್ತದೆ, ಕಾಲು ಮಾತ್ರ ಇಲ್ಲ. ಹಾಸನದ ಕಡೆಯವಳಾದ ನಾನು ಸಮಾಜಕಾರ್ಯ ಓದಿ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿ ಸೇರಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಮಹಿಳಾ ದಿನ ಬಂತು. ಯಜಮಾನರು ಕರೆದು, ಚೆಕಿಂಗ್ ಸೆಕ್ಷನ್ನಿನ ಹೆಂಗಸರಿಗೆ ಸ್ತ್ರೀವಾದದ ಅರ್ಥವನ್ನೂ ಚರಿತ್ರೆಯನ್ನೂ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬೇಕೆಂದೂ, ವಿದೇಶದ ಗಿರಾಕಿಗಳಿಗೆ ಫೋಟೋ ಕಳಿಸಬೇಕೆಂದೂ ಅಪ್ಪಣೆ ಮಾಡಿದರು.

ನನ್ನ ತಮಿಳು ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು. ಹಾಗಾಗಿ ರುಕ್ಕಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ಅಲ್ಲೇ ಹತ್ತಿರದ ಸೋಮನೂರಿನ ನೇಕಾರರ ಮನೆಯ ಹೆಣ್ಣು; ಮನೆಯಲ್ಲಿ ಕನ್ನಡ, ಉಳಿದ ಕಡೆಯೆಲ್ಲ ತಮಿಳು. ಅವಳೂ ಉಳಿದವರೂ ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಂತು ಬನಿಯನ್ನುಗಳಲ್ಲಿ ತೂತು ಹುಡುಕುವವರು. ಆ ಸೆಕ್ಷನ್ನಿನಲ್ಲಿ ಒಂದೇ ಒಂದು ಸ್ಟೂಲೂ ಇರಲಿಲ್ಲ. ಕೂತರೆ ನಿದ್ದೆ ಬರುತ್ತದೆ ಎಂಬುದು ಸೂಪರ್‌ವೈಸರ್ ಸೆಲ್ವಂ ಅವರ ಸಿದ್ಧಾಂತ.

"ಸ್ತ್ರೀವಾದ ಎಂದರೆ..." ಎಂದು ಶುರುಮಾಡಿದೆ. ರುಕ್ಕಮ್ಮ ಅದನ್ನು 'ಪೆಣ್ಗಳ್ ವಾದಂ' ಮಾಡಿದಳು. ತಮಿಳಿನಲ್ಲಿ ವಾದಂ ಎಂದರೆ ವಾದವೂ ಹೌದು, ಕೀಲು ಹಿಡಿಯುವ ವಾತವೂ ಹೌದು. ಸಾಲಿನಲ್ಲಿ ಗುಸುಗುಸು ಎದ್ದಿತು. ಕೆಲವರ ಕೈ ಮೊಣಕಾಲಿಗೆ ಹೋಯಿತು. ರುಕ್ಕಮ್ಮ ನನ್ನ ಕಡೆ ತಿರುಗಿ, "ಇವ್ರಿಗೆಲ್ಲ ಅದು ಐತಂತೆ ಮೇಡಂ. ಸಾಯಂಕಾಲ ಕಾಲು ಊದ್ಕೊಂತೈತಂತೆ. ಏನು ಮದ್ದು ಅಂತ ಕೇಳ್ತಾರೆ" ಅಂದಳು. ಆಗ ಕೆಳಗೆ ನೋಡಿದೆ. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿದ್ದ ಪಾದಗಳು. "ಮೊದಲು ಎಲ್ಲರೂ ಕೂತ್ಕೊಳ್ಳಿ" ಎಂದುಬಿಟ್ಟೆ.

ಎಲ್ಲರೂ ನೆಲದ ಮೇಲೆ ಕೂತರು. ಸೆಲ್ವಂ ಓಡಿ ಬಂದರು. ಗೇಟಿನಲ್ಲಿ ಕಂಟೇನರ್ ಲಾರಿ ಹಾರನ್ ಹೊಡೆಯುತ್ತಿತ್ತು. ಸರಕು ಅವತ್ತೇ ತೂತುಕುಡಿ ಬಂದರಿಗೆ ಹೊರಡಬೇಕು. ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ಚರಿತ್ರೆ ಬಾಕಿ ಇದೆ ಎಂದೆ. ಯಜಮಾನರೇ ಇಡಿಸಿದ ಭಾಷಣ, ನಿಲ್ಲಿಸಿ ಅನ್ನುವ ಧೈರ್ಯ ಅವರಿಗೂ ಇಲ್ಲ. ನಾನು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಶಾಲೆಯ ಬಾಗಿಲಿನಿಂದ ಹೊರಟು, ಆಸ್ತಿಯ ಹಕ್ಕು ದಾಟಿ, ಓಟಿನ ಹಕ್ಕಿಗೆ ಬಂದೆ. ನನ್ನ ಒಂದು ವಾಕ್ಯಕ್ಕೆ ರುಕ್ಕಮ್ಮನದು ಒಂದು ಪುರಾಣ. ಸಮಾನ ಕೂಲಿ ಎಂದಾಗ ಸೆಲ್ವಂ ಮುಖ ಸಿಂಡರಿಸಿದರು. ಅಲ್ಲಿಗೆ ನಾನು ಓದಿದ್ದ ಚರಿತ್ರೆಯೆಲ್ಲ ಖಾಲಿ.

ಭಾಷಣ ಮುಗಿಯಿತೆಂದುಕೊಂಡು ಒಬ್ಬಾಕೆ ಮೇಜು ಹಿಡಿದು ಏಳಲು ಹೊರಟಳು. ರುಕ್ಕಮ್ಮ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ, "ನಿಲ್ಲಿಸ್ಬೇಡಿ ಮೇಡಂ, ಏನಾನ ಹೇಳ್ತಾ ಇರಿ" ಅಂದಳು. ಏನು ಹೇಳಲಿ? ಗಂಭೀರವಾಗಿ ನಮ್ಮಮ್ಮ ಹುರುಳಿಕಟ್ಟಿನ ಸಾರು ಮಾಡುವ ಕ್ರಮ ಹೇಳತೊಡಗಿದೆ. ಅವಳು ಅದನ್ನು ಅಷ್ಟೇ ಗಂಭೀರವಾಗಿ ಹೆಂಗಸರ ಹೋರಾಟವಾಗಿ ಅನುವಾದಿಸಿದಳು. ಒಗ್ಗರಣೆಯ ಹೊತ್ತಿಗೆ ಯಜಮಾನರೇ ಬಾಗಿಲಲ್ಲಿ ನಿಂತಿದ್ದರು.

ಎಲ್ಲ ಯಾಕೆ ಕೂತಿದ್ದಾರೆ ಎಂದರು. ಹಾಸನದ ಬಸ್ಸು ಕಣ್ಣ ಮುಂದೆ ಬಂತು. ಹೆದರಿಕೆಗೆ ಕನ್ನಡವೇ ಹೊರಬಿತ್ತು: "ಇವರ ಕಾಲು ನೋಡಿ ಸಾರ್. ದಿನವೆಲ್ಲ ನಿಲ್ಲೋದಕ್ಕೆ ಆಗಲ್ಲ. ಸ್ಟೂಲ್ ಕೊಡಿಸಿ." ರುಕ್ಕಮ್ಮ ಅದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದಳು. ಯಜಮಾನರು ನಿಜವಾಗಿಯೂ ಕಾಲುಗಳನ್ನು ನೋಡಿದರು. ಮತ್ತೆ ಹಾರನ್ ಕೂಗಿತು. "ಸ್ಟೂಲು ತರಿಸು. ಮೊದಲು ಈ ಚರಿತ್ರೆ ನಿಲ್ಲಿಸು" ಎಂದು ಸೆಲ್ವಂಗೆ ಹೇಳಿ ಹೊರಟರು.

ಸ್ಟೂಲುಗಳು ಬಂದವು. ನನ್ನ ಕೆಲಸವೂ ಉಳಿಯಿತು. ಮುಂದಿನ ಮಹಿಳಾ ದಿನಕ್ಕೆ ನಾನು ಚೆನ್ನಾಗಿ ಓದಿಕೊಂಡು, ಒಳ್ಳೆ ಸೀರೆ ಉಟ್ಟು ಹೋದೆ. ಯಾರೂ ತಲೆಯೆತ್ತಲಿಲ್ಲ. "ಈಗ ಕೂರಕ್ಕೆ ಸ್ಟೂಲು ಐತಲ್ಲ ಮೇಡಂ, ಭಾಷಣ ಯಾತಕ್ಕೆ?" ಎಂದಳು ರುಕ್ಕಮ್ಮ. ಕಲ್ಯಾಣಾಧಿಕಾರಿಗೆ ಇದಕ್ಕಿಂತ ದೊಡ್ಡ ಸಂತೋಷ ಇರಬಾರದು. ಆದರೂ, ಯಾರಾದರೂ ಒಬ್ಬರು ಒಂದು ಸಲ ಒತ್ತಾಯ ಮಾಡಿದ್ದರೆ ನಾನೇನು ಬೇಡ ಅನ್ನುತ್ತಿರಲಿಲ್ಲ.