ಬೀಗರ ಊರಿನ ಚರಿತ್ರೆ

ಸ್ಯಾಂಡ್‌ಕೋಂಬ್ ಎಂಬುದು ಇಂಗ್ಲೆಂಡಿನ ಕಡಲ ಬದಿಯ ಒಂದು ಸಣ್ಣ ಪೇಟೆ. ನನ್ನ ಅಕ್ಕನ ಮಗಳು ಶ್ರುತಿ ಅಲ್ಲಿ ನರ್ಸ್. ಅಲ್ಲಿಯದೇ ಹುಡುಗ ಟಾಮ್‌ನನ್ನು ಮೆಚ್ಚಿದಳು. ಮದುವೆ ಬೆಳ್ತಂಗಡಿಯಲ್ಲಿ ಎಂದಾಯಿತು. ವರನ ಕಡೆಯವರನ್ನು ಇಂಗ್ಲಿಷಿನಲ್ಲಿ ಸ್ವಾಗತಿಸುವ ಗುರುತರ ಹೊಣೆಯನ್ನು ಸೋದರಮಾವನಾದ ನಾನು ಯಾರೂ ಕೇಳದಿದ್ದರೂ ಹೊತ್ತುಕೊಂಡೆ!

"ವೆಲ್‌ಕಮ್ ಅಂತ ಹೇಳಿ ಕೂತುಕೊಳ್ಳಿ, ಸಾಕು," ಎಂದಳು ಹೆಂಡತಿ ಸುಜಾತ.

"ಅದನ್ನು ಯಾರು ಬೇಕಾದರೂ ಹೇಳ್ತಾರೆ ಮಾರಾಯ್ತಿ. ನಾನು ಅವರ ಊರಿನ ಚರಿತ್ರೆಯನ್ನೇ ಹೇಳ್ತೇನೆ. ಬೀಗರು ಬೆಚ್ಚಿಬೀಳಬೇಕು!"

ಬಿದ್ದರು.

ಗುರುವಾಯನಕೆರೆಯ ನನ್ನ ಪಾತ್ರೆ ಅಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಸಂಶೋಧನೆ ಆರಂಭಿಸಿದೆ. ಕುಕ್ಕರಿನ ಗ್ಯಾಸ್ಕೆಟ್ ಕೇಳಿ ಬಂದವರಿಗೆ ಸ್ಯಾಂಡ್‌ಕೋಂಬಿನ ದೀಪಸ್ತಂಭ ಕಟ್ಟಿದ ಇಂಜಿನಿಯರನ ಜೀವನಚರಿತ್ರೆ ಹೇಳಿ ಕಳಿಸಿದೆ. ಗ್ಯಾಸ್ಕೆಟ್ ಕೊಡಲು ಮರೆತೆ!

ಮದುವೆಯ ದಿನ ಮೈಕ್ ಹಿಡಿದೆ. ಮುಳುಗುವವರನ್ನು ಕಾಪಾಡಿದ ದೋಣಿಯವರನ್ನು ಹೊಗಳಿದೆ. ಚಳಿಗಾಲದ ಕಡಲಿನಲ್ಲಿ ಈಜುತ್ತಿದ್ದ ಮುದುಕಿಯನ್ನು ಕೊಂಡಾಡಿದೆ. ಬೀಗರ ಸಾಲಿನಿಂದ ಭರ್ಜರಿ ಚಪ್ಪಾಳೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚಪ್ಪಾಳೆ ತಲೆಗೇರಿತ್ತು.

"ಇನ್ನೊಬ್ಬ ಮಹಾಪುರುಷನುಂಟು!" ಎಂದೆ. "ಕ್ಯಾಪ್ಟನ್! ಊರಿನವರು ಗಾಳಿಗೆಂದು ಓಡಾಡುವ ಮರದ ಸೇತುವೆ ಕಡಲೊಳಕ್ಕೆ ಚಾಚಿಕೊಂಡಿತ್ತು. ಈತ ಹಾಡಹಗಲೇ ಹಡಗು ತಂದು ಅದಕ್ಕೆ ಗುದ್ದಿ ಎರಡು ತುಂಡು ಮಾಡಿದ. ಇಡೀ ಸಮುದ್ರ ಇದ್ದರೂ ಪುಣ್ಯಾತ್ಮನಿಗೆ ಜಾಗ ಸಾಲಲಿಲ್ಲ!"

ಅದನ್ನೇ ತುಳುವಿನಲ್ಲೂ ಹೇಳಿದೆ. ನಮ್ಮವರು ಬಿದ್ದು ಬಿದ್ದು ನಕ್ಕರು. ಬೀಗರ ಸಾಲು ಮಾತ್ರ ಕಲ್ಲಾಯಿತು. ಮದುಮಗಳು ಕೈಬೀಸಿ ಏನೋ ಸನ್ನೆ ಮಾಡಿದಳು. ಧ್ವನಿ ಕೇಳಿಸುತ್ತಿಲ್ಲ ಎಂದು ತಿಳಿದ ನಾನು ಮೈಕನ್ನು ಬಾಯಿಗೆ ಹತ್ತಿರ ತಂದು ಇನ್ನೊಮ್ಮೆ ಹೇಳಿದೆ, ಈ ಸಲ ಗುದ್ದಿದ ಶಬ್ದದ ಸಮೇತ!

ಶ್ರುತಿ ಎದ್ದೇ ಬಂದಳು. "ಮಾವ, ಅದು ಟಾಮ್‌ನ ಮುತ್ತಜ್ಜ!"

ಅಕ್ಕನ ಮುಖ ನೋಡುವ ಧೈರ್ಯ ಸಾಲಲಿಲ್ಲ. "ತಪ್ಪು ಕ್ಯಾಪ್ಟನ್‌ನದ್ದಲ್ಲ," ಎಂದು ತಡವರಿಸಿದೆ. "ಸೇತುವೆಯೇ ಅಡ್ಡ ಬಂದದ್ದು!"

ಟಾಮ್‌ನ ಅಜ್ಜಿ ಕೋಲೂರಿಕೊಂಡು ವೇದಿಕೆ ಹತ್ತಿದರು. ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

"ಮಂಜು ಕವಿದಿತ್ತು ಎಂದು ನನ್ನ ಅಪ್ಪ ಸಾಯುವವರೆಗೂ ಹೇಳುತ್ತಿದ್ದ," ಎಂದರು. "ಸುಳ್ಳು! ಹಿಂದೆ ನಿಂತಿದ್ದ ಅಮ್ಮನ ಜೊತೆ ಜಗಳ ಮಾಡುತ್ತಾ ಹಡಗು ಓಡಿಸುತ್ತಿದ್ದ!"

ಹೇಳಿ ತಾವೇ ಮೊದಲು ನಕ್ಕರು. ಶ್ರುತಿ ಅದನ್ನು ತುಳುವಿಗೆ ತಿರುಗಿಸುವಷ್ಟರಲ್ಲಿ ಇಡೀ ಸಭಾಂಗಣ ನಗುತ್ತಿತ್ತು. ಸುಜಾತಳ ನಗು ಎಲ್ಲರಿಗಿಂತ ಜೋರು. ಮದುವೆ ಉಳಿಯಿತು!

ಮರುದಿನ ಅಜ್ಜಿಯನ್ನು ನಮ್ಮ ಗುರುವಾಯನಕೆರೆಗೆ ಹೆಸರು ಕೊಟ್ಟ ಕೆರೆಯ ದಂಡೆಗೆ ಕರೆದುಕೊಂಡು ಹೋದೆವು.

"ನಮ್ಮ ಊರಿನದ್ದೆಲ್ಲ ನಿಮಗೆ ಗೊತ್ತುಂಟಲ್ಲ," ಎಂದರು ಅಜ್ಜಿ ಪ್ರೀತಿಯಿಂದ. "ಈ ಕೆರೆ ಕಟ್ಟಿಸಿದ್ದು ಯಾರು?"

ನಾನು ಕೆರೆಯನ್ನು ನೋಡಿದೆ. ಸುಜಾತ ನನ್ನನ್ನು ನೋಡಿದಳು.

"ವೆರಿ ಓಲ್ಡ್," ಎಂದೆ.

"ಎಷ್ಟು ಹಳೆಯದು?"

ಹುಟ್ಟಿದಂದಿನಿಂದ ಅದೇ ನೀರಿನಲ್ಲಿ ಕಾಲಾಡಿಸುತ್ತಾ ಬೆಳೆದ ಇತಿಹಾಸತಜ್ಞ ಗಂಟಲು ಸರಿಪಡಿಸಿಕೊಂಡು ಉತ್ತರಿಸಿದ:

"ವೆರಿ, ವೆರಿ ಓಲ್ಡ್!"