ಲೆಕ್ಕದ ಬಾಯಾರು ಹೆಸರು ಮಾಡಿದ್ದು

ಹೆಸರು ಮಾಡಬೇಕು ಅಂತ ನಾನು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ, ಔಷಧದಂಗಡಿಯ ಮೇಲಿನ ಒಂದು ಖೋಲಿಯಲ್ಲಿ ಕೂತು ವ್ಯಾಪಾರಿಗಳ ಲೆಕ್ಕಪತ್ರ ನೋಡಿ, ತೆರಿಗೆ ರಿಟರ್ನ್ ತುಂಬುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ನಮ್ಮ ಕಡೆ ಮೇಡಂ ಅನ್ನುವ ಬದಲು ಬಾಯಾರು ಅನ್ನುತ್ತಾರೆ, ಹಾಗಾಗಿ ಗಿರಾಕಿಗಳಿಗೆ ನಾನು ಲೆಕ್ಕದ ಬಾಯಾರು. ಹೋದ ವರ್ಷ ಎದುರಿಗೇ ಗಾಜಿನ ಬಾಗಿಲಿನ ಇನ್ನೊಂದು ಆಫೀಸು ಶುರುವಾಯಿತು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಕೆಲವರು ದಾಟುವಾಗ ಮೇಲೆ ನೋಡಿ ನಮಸ್ಕಾರವನ್ನೂ ಮಾಡುತ್ತಿದ್ದರು. ಅದು ಇನ್ನೂ ಕಷ್ಟ.

೧. ಸಾಹೇಬರು

ಮೊದಲು ದೊಡ್ಡದೊಂದು ಬೋರ್ಡು ಬರೆಸಿದೆ. ನನ್ನ ಹೆಸರು ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ದಪ್ಪ. ಮೂರನೇ ದಿನಕ್ಕೇ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಮಾಲಕರೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೂಡ್ರಿ ಅಂದೆ, ಕೂತರು. ನೀರು ಕೊಟ್ಟೆ, ಕುಡಿದರು. ಏನು ಕೆಲಸ ಅಂತ ಕೇಳಿದರೆ, ಇರಲಿ, ಅವಸರವಿಲ್ಲ ಅಂದರು. ನಾನು ನನ್ನ ಕೆಲಸ ಮುಂದುವರಿಸಿದೆ. ಮುಕ್ಕಾಲು ತಾಸಾದ ಮೇಲೆ ಅವರು ಗಡಿಯಾರ ನೋಡಿ, ಸಾಹೇಬರು ಎಷ್ಟಕ್ಕೆ ಬರುತ್ತಾರೆ ಅಂತ ಕೇಳಿದರು. ಇಲ್ಲಿ ಬೇರೆ ಸಾಹೇಬರು ಯಾರೂ ಇಲ್ಲ, ಬೋರ್ಡಿನ ಮೇಲಿರುವ ಹೆಸರು ನನ್ನದೇ ಅಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಖಾಲಿ ಕುರ್ಚಿಗಳನ್ನು ನೋಡಿದರು. ನನಗೆ ನೋವಾಗಬಾರದು ಅಂತ ಬಹಳ ಮೆತ್ತಗೆ ಹೇಳಿದರು:

"ಆತು ಬಿಡವಾ. ಅವರು ಇದ್ದಾಗ ಬರ್ತೇನಿ."

೨. ವಿಡಿಯೋ

ನಮ್ಮಂಥವರು ಹೆಸರು ಗಳಿಸುವುದು ಹೇಗೆ ಅಂತ ಬಾಗಲಕೋಟೆಯ ನವನಗರದಲ್ಲಿ ಒಂದು ದಿನದ ತರಬೇತಿ ಇತ್ತು. ಬಸ್ಸು ಹತ್ತಿ ಹೋದೆ. ಟೈ ಕಟ್ಟಿಕೊಂಡ ತರಬೇತುದಾರ, ಜನ ನಿಮ್ಮ ಮುಖ ನೋಡಬೇಕು, ವಿಡಿಯೋ ಮಾಡಿ ಹಾಕಿ ಅಂದ.

ಮನೆಗೆ ಬಂದು, ಅಪ್ಪ ನೇಯ್ದ ಸೀರೆ ಉಟ್ಟು, ರಿಟರ್ನ್ ತಡವಾದರೆ ಬೀಳುವ ದಂಡದ ಬಗ್ಗೆ ನಾಲ್ಕು ನಿಮಿಷ ಮಾತಾಡಿದೆ. ಒಂಬತ್ತು ಸಲ ತೊದಲಿ ಹತ್ತನೆಯದು ಸರಿಯಾಯಿತು. ಮರುದಿನ ನೋಡಿದರೆ ಸಾಲುಸಾಲು ಕಾಮೆಂಟು. ಓದಿದೆ. ಸೀರಿ ಎಷ್ಟು? ಸೆರಗು ಪೂರ್ತಿ ತೋರಸ್ರಿ. ಬ್ಯಾರೆ ಬಣ್ಣ ಅದಾವೇನ್ರಿ? ಆ ವಾರ ಅಪ್ಪ ಐದು ಸೀರೆ ಮಾರಿದ. ಇನ್ನೊಂದು ವಿಡಿಯೋ ಮಾಡು, ಈ ಸಲ ಮಾತು ಸ್ವಲ್ಪ ಕಡಿಮೆ ಇರಲಿ ಅಂತ ನನಗೆ ಹೇಳಿದ.

ಇಡೀ ವಿಡಿಯೋಕ್ಕೆ ತೆರಿಗೆಯ ಬಗ್ಗೆ ಕೇಳಿದವಳು ಬಾದಾಮಿಯ ಒಬ್ಬ ಹೆಣ್ಣುಮಗಳು ಮಾತ್ರ:

"ಸೀರಿ ರೇಟು ಜಿಎಸ್‌ಟಿ ಹಿಡದೋ, ಬಿಟ್ಟೋ?"

೩. ಒಂದು ಪ್ರಶ್ನೆ

ಅದೇ ತರಬೇತುದಾರ ಇನ್ನೊಂದು ಉಪಾಯ ಹೇಳಿದ್ದ. ನಿಮ್ಮ ಬಗ್ಗೆ ಏನನಿಸುತ್ತದೆ ಅಂತ ಗಿರಾಕಿಗಳನ್ನೇ ಕೇಳಿ, ಅವರು ಹೇಳುವುದೇ ನಿಮ್ಮ ಹೆಸರು ಅಂತ. ಉಳಿದಿದ್ದ ಗಿರಾಕಿಗಳಲ್ಲಿ ಮೂವರನ್ನು ಆರಿಸಿ, "ನನ್ನ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಏನಿದೆ? ಸಂಕೋಚವಿಲ್ಲದೆ ತಿಳಿಸಿ" ಅಂತ ವಾಟ್ಸಾಪ್ ಮಾಡಿದೆ.

ಒಬ್ಬರು ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ಇನ್ನೊಬ್ಬರು ಗಾಬರಿಯಾಗಿ ಫೋನ್ ಮಾಡಿ, ನೋಟಿಸು ಬಂದಿದ್ದರೆ ಸುತ್ತುಬಳಸಿ ಮಾತಾಡಬೇಡಿ, ಎಷ್ಟು ತುಂಬಬೇಕು ಹೇಳಿಬಿಡಿ ಅಂದರು. ಮೂರನೆಯವರದು ಪವರ್‌ಲೂಮಿನ ವ್ಯವಹಾರ. ಅವರ ಫೋನು ಆಗ ಹೆಂಡತಿಯ ಕೈಯಲ್ಲಿತ್ತು. ಆಕೆ ಉತ್ತರ ಬರೆಯಲಿಲ್ಲ. ತಾಯಿಯನ್ನೂ ತಂಗಿಯನ್ನೂ ಕರೆದುಕೊಂಡು ನೇರ ನನ್ನ ಆಫೀಸಿಗೇ ಬಂದಳು. ಸಮಾಧಾನ ಹೇಳಿ ಕಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆ ಗಿರಾಕಿಯೂ ಈಗ ಎದುರಿನ ಆಫೀಸಿಗೇ ಹೋಗುತ್ತಾರೆ. ಅಲ್ಲಿ ಎಲ್ಲರೂ ಗಂಡಸರು ಅಂತ ಹೆಂಡತಿಯೇ ಬಂದು ನೋಡಿಕೊಂಡು ಹೋಗಿದ್ದಾಳೆ.

೪. ಹುನಗುಂದದ ಮನೆ

ಹುನಗುಂದದ ಕಿರಾಣಿ ವ್ಯಾಪಾರಿಯೊಬ್ಬರು ನನ್ನ ಮೊಟ್ಟಮೊದಲ ಗಿರಾಕಿ. ಯಾರು ಬಿಟ್ಟರೂ ಅವರು ನನ್ನನ್ನು ಬಿಡಲಿಲ್ಲ. ಇತ್ತೀಚೆಗೆ ತೀರಿಕೊಂಡರು. ಮೂರನೇ ದಿನ ಮನೆಯವರನ್ನು ಮಾತಾಡಿಸಿ ಬರೋಣ ಅಂತ ಹೋದೆ.

ನಾನು ಯಾರು ಅಂತ ಹೇಳಿದ ಕೂಡಲೇ ಪಡಸಾಲೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ನೀವೇನವಾ ಆ ಬಾಯಾರು? ಅವರ ಬಾಯಾಗ ದಿನಾ ನಿಮ್ಮ ಹೆಸರ ಇತ್ತು."

ನನಗೆ ಅಳು ತಡೆಯಲಾಗಲಿಲ್ಲ. ಬೋರ್ಡಿಲ್ಲದೆ, ವಿಡಿಯೋ ಇಲ್ಲದೆ ಒಂದು ಮನೆಯಲ್ಲಾದರೂ ನನ್ನ ಹೆಸರು ಉಳಿದಿತ್ತಲ್ಲ ಅನಿಸಿತು.

ಆಕೆ ಮುಂದುವರಿಸಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಒಂದು ಜೊತೆ ಬಂಗಾರದ ಪಾಟ್ಲಿ ಬಳೆ ಕೇಳಿದ್ದರಂತೆ. ತೆರಿಗೆಯವರ ಕಣ್ಣು ಬೀಳುತ್ತದೆ, ಬಾಯಾರು ಬೇಡ ಅಂದಿದ್ದಾರೆ ಅಂತ ಗಂಡ ಹೇಳಿದರಂತೆ. ಬಾಗಿಲಲ್ಲಿ ನಿಂತಿದ್ದ ಮಗ, ತನ್ನ ಬೈಕಿಗೂ ಬಾಯಾರೇ ಬೇಡ ಅಂದಿದ್ದು ಅಂದ. ಗೋಡೆಗೆ ಒರಗಿದ್ದ ಮೈದುನ, ಅಂಗಡಿಯಲ್ಲಿ ತನಗೆ ಪಾಲುದಾರಿಕೆ ತಪ್ಪಿಸಿದ್ದೂ ಬಾಯಾರೇ ಅಂತ ಸೇರಿಸಿದ.

ಇದರಲ್ಲಿ ಒಂದು ಮಾತನ್ನೂ ನಾನು ಆಡಿರಲಿಲ್ಲ. ಆ ಮನುಷ್ಯ ನನ್ನನ್ನು ಕೇಳುತ್ತಿದ್ದುದು ಕೊನೆಯ ತಾರೀಖು ಯಾವುದು ಅಂತ ಮಾತ್ರ. ಆದರೆ ಮನೆಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ಫೋಟೋದ ಮೇಲಿನ ಹಾರ ಇನ್ನೂ ಬಾಡಿರಲಿಲ್ಲ.

"ಖರೇನ ಹಂಗ ಅಂದಿದ್ರೇನವಾ?" ಆಕೆ ಕೇಳಿದರು.

ಇಲ್ಲ ಅಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ತೀರಿಕೊಂಡವರದು ಹೋಗುತ್ತಿತ್ತು.

"ಹೌದ್ರಿ," ಅಂದೆ. "ನಾನ ಅಂದಿದ್ದೆ."

ಆಕೆ ಕೈ ಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾರ ಪಾಪ, ಅವರದೇನೂ ತಪ್ಪಿಲ್ಲ," ಅಂದರು. ನನಗೆ ಯಾರೂ ಚಹಾ ಕೊಡಲಿಲ್ಲ.

ತಲೆ ತಗ್ಗಿಸಿ ಹೊರಗೆ ಬಂದೆ. ಓಣಿಯ ತಿರುವಿನಲ್ಲಿ ಹಿಂದಿನಿಂದ ಯಾರೋ ಕರೆದರು. ಪಡಸಾಲೆಯ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಮೂವರು ವ್ಯಾಪಾರಿಗಳು ಒಂದೇ ಉಸಿರಿಗೆ ಬರುತ್ತಿದ್ದರು. ಹಿರಿಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಿಮ್ಮ ನಂಬರ್ ಕೊಡ್ರಿ ಬಾಯಾರ. ನಮ್ಮ ಮನ್ಯಾಗೂ ಬ್ಯಾಡ ಅನ್ನಾಕ ಒಬ್ರು ಬೇಕಾಗ್ಯಾರ."